ಇಬ್ಬರಿಗೂ ಒಂದೇ ವಿಳಾಸ

ಐಟಿಯಲ್ಲಿ ಕೆಲಸ ಮಾಡೋರು ಹೊರದೇಶಕ್ಕೆ ಹೋಗೋಣ ಅಂತ ಕೂತರೆ ಮೊದಲು ಹುಟ್ಟೋದು ಒಂದು ಎಕ್ಸೆಲ್ ಶೀಟ್. ಸಂಬಳ, ಟ್ಯಾಕ್ಸ್, ಬಾಡಿಗೆ, ಪಿಆರ್ ಎಷ್ಟು ವರ್ಷಕ್ಕೆ, ಚಳಿ ಎಷ್ಟು, ಬೆಂಗಳೂರಿಗೆ ನೇರ ವಿಮಾನ ಇದೆಯಾ. ನಮ್ಮ ಶೀಟಿನಲ್ಲಿ ಇವೆಲ್ಲಕ್ಕಿಂತ ಮೊದಲು ಇನ್ನೊಂದು ಕಾಲಂ ಇತ್ತು. ಅದರ ಹೆಸರು ‘ಇಬ್ಬರೂ?’ ಅಂತ. ಆ ಕಾಲಂನಲ್ಲಿ ‘ಇಲ್ಲ’ ಅಂತ ಬಂದ ದೇಶಕ್ಕೆ ಸಂಬಳ ಎಷ್ಟೇ ಇದ್ದರೂ ಮುಂದಿನ ಕಾಲಂ ತುಂಬುವ ಹಾಗಿರಲಿಲ್ಲ.

ನಾವಿಬ್ಬರೂ ಗಂಡಸರು. ಒಟ್ಟಿಗೆ ಆರು ವರ್ಷ ಆಯಿತು. ನಾನು ತಿಪಟೂರಿನವನು, ಅವನು ಗದಗ ಕಡೆಯವನು. ಅವನ ಹೆಸರು ಇಲ್ಲಿ ಬರೆಯುತ್ತಿಲ್ಲ. ಅವನ ಮನೆಯಲ್ಲಿ ಅಣ್ಣನಿಗೆ ಮಾತ್ರ ಗೊತ್ತು. ಅವ್ವನಿಗೆ ಯಾವಾಗ ಹೇಳಬೇಕು ಅನ್ನೋದು ಅವನಿಗೆ ಬಿಟ್ಟಿದ್ದು.

ಬೆಂಗಳೂರು ಬಿಟ್ಟೆವು ಅಂತ ಬೆಂಗಳೂರಿನ ಮೇಲೆ ಸಿಟ್ಟೇನಿಲ್ಲ. 2008ರಿಂದ ಪ್ರೈಡ್ ಮೆರವಣಿಗೆ ನೋಡಿರುವ ಊರು ಅದು. ನಾವು ಪರಿಚಯ ಆಗಿದ್ದೂ ಅಲ್ಲೇ. ಆಫೀಸಿನಲ್ಲಿ ನನ್ನ ಟೀಮಿಗೆ ಗೊತ್ತಿತ್ತು, ಯಾರೂ ಒಂದು ಮಾತು ಅಂದವರಲ್ಲ. ತೊಂದರೆ ಶುರುವಾಗುತ್ತಿದ್ದದ್ದು ಮನೆಯ ಗೇಟಿನ ಒಳಗೆ. ಬ್ಯಾಚುಲರ್ಸ್‌ಗೆ ಮನೆ ಸಿಗೋದೇ ಕಷ್ಟ, ಸಿಕ್ಕರೂ ಇಬ್ಬರು ಗಂಡಸರಿಗೆ ಒಂದು ಬೆಡ್‌ರೂಮಿನ ಮನೆ ಕೇಳಿದರೆ ಓನರ್ ಮುಖ ಬೇರೆ ಆಗುತ್ತೆ. ಅದಕ್ಕೇ ಯಾವಾಗಲೂ 2ಬಿಎಚ್‌ಕೆ. ಎರಡನೇ ರೂಮಿನಲ್ಲಿ ಒಂದು ಮಂಚ, ಹಾಸಿಗೆ, ಅದರ ಮೇಲೆ ಹೂವಿನ ಬೆಡ್‌ಶೀಟ್. ಓನರ್ ಆಂಟಿ ತಿಂಗಳ ಮೊದಲ ವಾರ ನೀರಿನ ಲೆಕ್ಕ ಹಿಡಿದುಕೊಂಡು ಮೇಲೆ ಬರೋರು. ಅವರು ಬರುವ ಮುಂಚೆ ಆ ಬೆಡ್‌ಶೀಟನ್ನು ಸ್ವಲ್ಪ ಮುದುರಿ ಇಡೋದು ನನ್ನ ಕೆಲಸ. ಯಾರೂ ಮಲಗದ ಆ ರೂಮಿಗೆ ನಾಲ್ಕು ವರ್ಷ ಬಾಡಿಗೆ ಕಟ್ಟಿದ್ದೇವೆ.

ಇದನ್ನೆಲ್ಲ ನಗುತ್ತಾ ಸಹಿಸಿಕೊಂಡು ಹೋಗಬಹುದಿತ್ತೇನೋ. ಆದರೆ 2023ರ ಮಳೆಗಾಲದಲ್ಲಿ ಅವನಿಗೆ ಅಪೆಂಡಿಕ್ಸ್ ಆಯಿತು. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಸೇರಿಸಿದೆ. ಆಪರೇಷನ್ ಫಾರಂ ಹಿಡಿದುಕೊಂಡು ಬಂದವರು ‘ನೀವು ಪೇಷಂಟ್‌ಗೆ ಏನಾಗ್ಬೇಕು?’ ಅಂದರು. ‘ಫ್ರೆಂಡ್’ ಅಂದೆ. ‘ರಕ್ತ ಸಂಬಂಧಿಗಳು ಯಾರಾದ್ರೂ ಇದಾರಾ?’ ಅವನ ಅಣ್ಣ ಗದಗದಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬಂದು ಸಹಿ ಹಾಕಿದ. ಏನೂ ಅನಾಹುತ ಆಗಲಿಲ್ಲ. ಆದರೆ ಆ ಏಳೆಂಟು ಗಂಟೆ ಕಾರಿಡಾರಿನ ಕುರ್ಚಿಯಲ್ಲಿ ಕೂತು, ಇವನ ಇನ್ಶೂರೆನ್ಸ್ ಪಾಸ್‌ವರ್ಡ್‌ನಿಂದ ಹಿಡಿದು ಬ್ಲಡ್ ಗ್ರೂಪ್‌ವರೆಗೆ ಎಲ್ಲ ಗೊತ್ತಿರೋನು ನಾನು, ನನ್ನ ಸಹಿಗೆ ಬೆಲೆ ಇಲ್ಲ ಅಂತ ಯೋಚಿಸುತ್ತಿದ್ದೆ.

ಅದೇ ವರ್ಷ ಅಕ್ಟೋಬರ್ 17ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು. 2018ರಲ್ಲಿ ಸೆಕ್ಷನ್ 377ರ ಭಯ ತೆಗೆದ ಕೋರ್ಟೇ ಈಗ, ಸಲಿಂಗ ಮದುವೆಗೆ ಮಾನ್ಯತೆ ಕೊಡೋದು ಸಂಸತ್ತಿನ ಕೆಲಸ ಅಂದಿತು. ಆಫೀಸಿನ ಮೀಟಿಂಗ್ ರೂಮೊಂದರಲ್ಲಿ ಕೂತು ಫೋನಿನಲ್ಲಿ ಲೈವ್ ನೋಡುತ್ತಿದ್ದೆ. ಸಂಜೆ ಮನೆಗೆ ಹೋದರೆ ಅವನು ಆಗಲೇ ಎಕ್ಸೆಲ್ ತೆರೆದಿದ್ದ. (2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ನಮ್ಮಂಥವರು ಜಾಯಿಂಟ್ ಅಕೌಂಟ್ ತೆರೆಯೋಕೆ, ಸಂಗಾತಿಯನ್ನು ನಾಮಿನಿ ಮಾಡೋಕೆ ಅಡ್ಡಿಯಿಲ್ಲ ಅಂತ ಸ್ಪಷ್ಟಪಡಿಸಿತು. ಒಳ್ಳೆಯದೇ ಆಯಿತು. ಆದರೆ ಆ ಹೊತ್ತಿಗೆ ನಾವು ಅರ್ಧ ಗಂಟು ಕಟ್ಟಿಯಾಗಿತ್ತು.)

ಶೀಟಿನಲ್ಲಿ ಮೊದಲು ಬಿದ್ದಿದ್ದು ದುಬೈ. ಅಲ್ಲಿ ಕಾನೂನೇ ನಮಗೆ ವಿರುದ್ಧ. ಆಮೇಲೆ ಸಿಂಗಪುರ. ಅವರದ್ದೂ ನಮ್ಮದರ ಹಾಗೆಯೇ ಬ್ರಿಟಿಷರು ಬಿಟ್ಟುಹೋದ 377ಎ. ಅದನ್ನು ತೆಗೆದುಹಾಕಿದ್ದಾರೆ, ಸಂತೋಷ. ಆದರೆ ಮದುವೆ ಅಂದರೆ ಗಂಡು-ಹೆಣ್ಣಿನ ನಡುವೆ ಅನ್ನೋದನ್ನು ಗಟ್ಟಿ ಮಾಡಿಕೊಂಡೇ ತೆಗೆದಿದ್ದು. ನನಗೆ ಕೆಲಸ ಸಿಕ್ಕರೂ ಅವನಿಗೆ ಡಿಪೆಂಡೆಂಟ್ ಪಾಸ್ ಇಲ್ಲ.

ಅಮೆರಿಕ, ಜರ್ಮನಿ ಎರಡರಲ್ಲೂ ಸಲಿಂಗ ಮದುವೆ ಕಾನೂನುಬದ್ಧ. ಅಮೆರಿಕದಲ್ಲಿ 2015ರಿಂದ, ಜರ್ಮನಿಯಲ್ಲಿ 2017ರಿಂದ. ಸುದ್ದಿ ಓದಿದರೆ ಬಾಗಿಲು ತೆರೆದಿದೆ ಅನ್ನಿಸುತ್ತೆ. ಆದರೆ ಸಂಗಾತಿಯ ವೀಸಾಗೆ ಇಬ್ಬರೂ ಕೇಳೋದು ಮದುವೆ ಸರ್ಟಿಫಿಕೇಟ್. ನಮ್ಮ ದೇಶ ಅದನ್ನು ಕೊಡೋದಿಲ್ಲ, ಅದಿಲ್ಲದೆ ಆ ದೇಶಕ್ಕೆ ಇಬ್ಬರೂ ಒಟ್ಟಿಗೆ ಹೋಗೋಕಾಗೋಲ್ಲ. ಇದು ನಮಗೆ ತಡವಾಗಿ ಅರ್ಥವಾದ ವಿಷಯ, ಅದಕ್ಕೇ ಸ್ವಲ್ಪ ಒತ್ತಿ ಹೇಳುತ್ತಿದ್ದೇನೆ: ಭಾರತದಿಂದ ಹೊರಡುವ ಜೋಡಿ ನೋಡಬೇಕಾದದ್ದು ಅಲ್ಲಿ ಸಲಿಂಗ ಮದುವೆ ಇದೆಯಾ ಅನ್ನೋದಷ್ಟೇ ಅಲ್ಲ, ಮದುವೆಯಾಗದ ಸಂಗಾತಿಗೆ ವೀಸಾ ಕೊಡ್ತಾರಾ ಅಂತ. ಆ ಫಿಲ್ಟರ್ ಹಾಕಿದ ಕೂಡಲೇ ಪಟ್ಟಿ ಸಣ್ಣದಾಯಿತು. ಕೆನಡಾ ಉಳಿಯಿತು, ಅಲ್ಲಿ ಒಂದು ವರ್ಷ ಒಟ್ಟಿಗೆ ಬದುಕಿದ ದಾಖಲೆ ಇದ್ದರೆ ‘ಕಾಮನ್ ಲಾ’ ಸಂಗಾತಿ ಅಂತ ಒಪ್ಪುತ್ತಾರೆ. ನೆದರ್ಲೆಂಡ್ಸ್ ಉಳಿಯಿತು. ಕೆಲಸದ ಆಫರ್ ಮೊದಲು ಬಂದಿದ್ದು ನೆದರ್ಲೆಂಡ್ಸಿನಿಂದ. ಅಷ್ಟೇ, ಅದರಲ್ಲಿ ದೊಡ್ಡ ತತ್ವ ಏನಿಲ್ಲ.

ಇನ್ನೊಂದು ಮಾತು. ಐಲ್ಗಾ-ಯುರೋಪ್ ಅನ್ನೋ ಸಂಸ್ಥೆ ಪ್ರತಿ ವರ್ಷ ಯುರೋಪಿನ 49 ದೇಶಗಳಿಗೆ ಅಂಕ ಹಾಕಿ ‘ರೇನ್‌ಬೋ ಮ್ಯಾಪ್’ ಅಂತ ಬಿಡುತ್ತೆ. 2016ರಿಂದ 2025ರವರೆಗೆ ಅದರಲ್ಲಿ ಫಸ್ಟ್ ಬಂದಿದ್ದು ಮಾಲ್ಟಾ. 2001ರ ಏಪ್ರಿಲ್ 1ರಂದು ಜಗತ್ತಿನಲ್ಲೇ ಮೊದಲು ಸಲಿಂಗ ಮದುವೆಗೆ ಬಾಗಿಲು ತೆರೆದ ನೆದರ್ಲೆಂಡ್ಸ್ 2024ರಲ್ಲಿ ಮೊದಲ ಹತ್ತರಲ್ಲೂ ಇರಲಿಲ್ಲ. ರ‍್ಯಾಂಕ್ ಪಟ್ಟಿಗಳನ್ನು ಸಿಇಟಿ ಕಾಲದಿಂದ ನೋಡಿಕೊಂಡು ಬಂದವರು ನಾವು. ಕಾಲೇಜು ಹೇಗಿದೆ ಅಂತ ಹಾಸ್ಟೆಲಿಗೆ ಹೋದ ಮೇಲೇ ಗೊತ್ತಾಗೋದು.

ಕಾಗದಪತ್ರದ ಕತೆ ಹೇಳಲೇಬೇಕು. ನಾವಿಬ್ಬರೂ ಜೋಡಿ ಅಂತ ಡಚ್ ಸರ್ಕಾರಕ್ಕೆ ತೋರಿಸೋಕೆ ಭಾರತದಿಂದ ಬೇಕಾದದ್ದು, ನಾವಿಬ್ಬರೂ ಮದುವೆಯಾಗಿಲ್ಲ ಅನ್ನೋ ಪ್ರಮಾಣಪತ್ರ! ನೋಟರಿ, ರಾಜ್ಯ ಸರ್ಕಾರದ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್. ಬೆಂಗಳೂರಿನಲ್ಲಿ ಕೋರ್ಟಿನ ಹತ್ತಿರ ಮರದ ಕೆಳಗೆ ಟೇಬಲ್ ಹಾಕಿಕೊಂಡು ಕೂತಿದ್ದ ನೋಟರಿ ಇಬ್ಬರ ಅಫಿಡವಿಟ್ಟನ್ನೂ ಒಟ್ಟಿಗೆ ನೋಡಿ, ‘ಏನ್ರೀ, ಇಬ್ಬರಿಗೂ ಫಾರಿನ್ ಸಂಬಂಧಾನೇ ಬಂದಿದೆಯಾ? ಹುಡುಗೀರು ಅಕ್ಕ-ತಂಗೀನಾ?’ ಅಂದರು. ನಾನು ನಕ್ಕೆ. ಅವನು ಭಾರಿ ಗಂಭೀರವಾಗಿ, ‘ಹೌದ್ರೀ ಸರ್, ಒಂದ ಮಂಟಪದಾಗ’ ಅಂದ. ನೋಟರಿ ಶುಭ ಹಾರೈಸಿ ಇಬ್ಬರಿಗೂ ಸೀಲ್ ಒತ್ತಿದರು.

ಕಂಪನಿಯೇ ಇಬ್ಬರ ಅರ್ಜಿಯನ್ನೂ ಒಟ್ಟಿಗೆ ಹಾಕಿತು. ನುರಿತ ಕೆಲಸಗಾರರ ವೀಸಾಗೆ 30 ವರ್ಷದೊಳಗಿನವರಿಗೆ ಒಂದು ಸಂಬಳದ ಮಿತಿ, 30 ತುಂಬಿದವರಿಗೆ ಅದಕ್ಕಿಂತ ಹೆಚ್ಚಿನದು. ನನಗೆ 30 ತುಂಬೋಕೆ ಇನ್ನೂ ಐದು ತಿಂಗಳಿತ್ತು. ಬರ್ತ್‌ಡೇಗೆ ಅಷ್ಟು ಹೆದರಿದ್ದು ಅದೇ ಮೊದಲು. ಸಂಗಾತಿಯ ಷರತ್ತುಗಳಲ್ಲಿ ಒಂದನ್ನು ಓದಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನೆದರ್ಲೆಂಡ್ಸಿಗೆ ಬಂದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಇರಬೇಕು, ನಗರಸಭೆಯಲ್ಲಿ ಒಂದೇ ವಿಳಾಸಕ್ಕೆ ನೋಂದಣಿ ಮಾಡಿಸಬೇಕು. ಬೆಂಗಳೂರಿನಲ್ಲಿ ಮುಚ್ಚಿಡೋಕೆ ಬೆಡ್‌ಶೀಟ್ ಮುದುರುತ್ತಿದ್ದ ವಿಷಯ ಇಲ್ಲಿ ವೀಸಾದ ಷರತ್ತು.

2025ರ ಫೆಬ್ರವರಿಯಲ್ಲಿ ಸ್ಕಿಪೋಲ್‌ನಲ್ಲಿ ಇಳಿದೆವು. ದೇಶ ಆರಿಸಿದ ಮೇಲೆ ಊರು ಆರಿಸೋದು ಇನ್ನೊಂದು ಅಧ್ಯಾಯ. ಮೊದಲ ಒಂದು ತಿಂಗಳು ಕಂಪನಿ ಆಮ್‌ಸ್ಟೆಲ್‌ವೇನ್‌ನಲ್ಲಿ ಅಪಾರ್ಟ್‌ಮೆಂಟ್ ಕೊಟ್ಟಿತ್ತು. ಆಮ್‌ಸ್ಟರ್‌ಡ್ಯಾಮಿಗೆ ಅಂಟಿಕೊಂಡೇ ಇರುವ, ಭಾರತೀಯರು ತುಂಬಿರುವ ಊರು. ಟ್ರಾಮಿನಲ್ಲಿ ತೆಲುಗು, ಅಂಗಡಿಯಲ್ಲಿ ಇಡ್ಲಿ ಹಿಟ್ಟು, ಪಾರ್ಕಿನಲ್ಲಿ ಕ್ರಿಕೆಟ್. ಬಂದ ಮೂರನೇ ದಿನ ಲಿಫ್ಟಿನಲ್ಲಿ ಒಬ್ಬ ಆಂಟಿ ನಮ್ಮ ಮಾತು ಕೇಳಿಸಿಕೊಂಡು, ‘ಓ, ಕನ್ನಡದೋರಾ!’ ಅಂತ ಖುಷಿಯಾದರು. ಮೈಸೂರು ಕಡೆಯವರು, ಮಗಳ ಬಾಣಂತನಕ್ಕೆ ಬಂದಿದ್ದರಂತೆ. ಎರಡನೇ ಪ್ರಶ್ನೆಗೇ ಬಂದರು: ‘ಫ್ಯಾಮಿಲಿ ಯಾವಾಗ ಬರತ್ತೆ?’

‘ಬಂದಾಗಿದೆ ಆಂಟಿ’ ಅಂದೆ. ಅವರು ನಮ್ಮ ಹಿಂದೆ ಇಣುಕಿದರು. ಹಿಂದೆ ಇದ್ದದ್ದು ಲಿಫ್ಟಿನ ಕನ್ನಡಿ. ಮತ್ತೆ ಇವನ ಮುಖ ನೋಡಿದರು, ಇವನ ಕೈಯಲ್ಲಿದ್ದ ಈರುಳ್ಳಿ ಚೀಲ ನೋಡಿದರು. ‘ಓ’ ಅಂದರು. ಮೂರನೇ ಮಹಡಿಯಲ್ಲಿ ಇಳಿದು ಹೋದರು. ಎರಡು ದಿನ ಬಿಟ್ಟು ಕೆಳಗೆ ಮತ್ತೆ ಸಿಕ್ಕಾಗ, ಯಾವ ಅಂಗಡಿಯ ಯಾವ ಮೊಸರಿನಲ್ಲಿ ಹೆಪ್ಪು ಹಾಕಿದರೆ ಗಟ್ಟಿ ಕೂರುತ್ತೆ ಅಂತ ಐದು ನಿಮಿಷ ಹೇಳಿದರು. ಬೇರೆ ಏನೂ ಕೇಳಲಿಲ್ಲ. ಒಳ್ಳೆಯ ಹೆಂಗಸು. ಆದರೂ ಅದೇ ಲಿಫ್ಟಿನಲ್ಲಿ ಇನ್ನೂ ಎಷ್ಟು ಸಲ, ಎಷ್ಟು ಜನರ ಮುಂದೆ ‘ಬಂದಾಗಿದೆ’ ಅನ್ನೋದು? ಅವರಲ್ಲಿ ಯಾರದ್ದೋ ಚಿಕ್ಕಪ್ಪ ಗದಗದಲ್ಲಿ ಇದ್ದರೆ? ಇವನಿಗೆ ಆ ಭಯ ನಿಜವಾಗಿಯೂ ಇತ್ತು. ನಮ್ಮವರ ಪಕ್ಕದಲ್ಲಿ ಇರಬೇಕು, ಆದರೆ ಅದೇ ಬಿಲ್ಡಿಂಗ್ ಬೇಡ. ಹಾಗೆ ತೀರ್ಮಾನ ಆಯಿತು.

ಐಂಡ್‌ಹೋವನ್ ಕಡೆಯೂ ಅದೇ ಕಾರಣಕ್ಕೆ ಬಿಟ್ಟೆವು. ಚಿಪ್ ಯಂತ್ರ ಮಾಡುವ ಎಎಸ್‌ಎಂಎಲ್ ಇರುವ ಆ ಭಾಗದಲ್ಲಿ ನಮ್ಮ ಇಂಜಿನಿಯರುಗಳು ಬೇಕಾದಷ್ಟು ಜನ ಇದ್ದಾರೆ. ಆಮ್‌ಸ್ಟರ್‌ಡ್ಯಾಮ್ ಇಷ್ಟ ಆಗಿತ್ತು. ವೆಸ್ಟರ್‌ಕೆರ್ಕ್ ಚರ್ಚಿನ ಪಕ್ಕ ಕಾಲುವೆ ದಂಡೆಯಲ್ಲಿ 1987ರಲ್ಲಿ ಮಾಡಿದ ಹೋಮೋಮಾನ್ಯುಮೆಂಟ್ ಇದೆ, ಗುಲಾಬಿ ಗ್ರಾನೈಟಿನ ಮೂರು ದೊಡ್ಡ ತ್ರಿಕೋನಗಳು. ಒಂದು ತ್ರಿಕೋನ ಮೆಟ್ಟಿಲ ಹಾಗೆ ನೀರಿಗೆ ಇಳಿಯುತ್ತೆ. ನಾಜಿ ಕ್ಯಾಂಪುಗಳಲ್ಲಿ ಸಲಿಂಗಿ ಗಂಡಸರ ಬಟ್ಟೆಗೆ ಹೊಲಿಯುತ್ತಿದ್ದ ಗುಲಾಬಿ ತ್ರಿಕೋನವೇ ಅದರ ಆಕಾರ. ನಾವು ಹೋದ ದಿನ ಯಾರೋ ಅಲ್ಲಿ ಹೂವಿಟ್ಟಿದ್ದರು, ಪಕ್ಕದಲ್ಲೇ ಕೂತು ಒಬ್ಬ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಬಾಡಿಗೆ ವಿಚಾರಿಸಿದ ಮೇಲೆ ನಾವೂ ಸ್ಯಾಂಡ್‌ವಿಚ್ ತಿಂದು ವಾಪಸ್ ಬಂದೆವು.

ಉಟ್ರೆಕ್ಟ್‌ಗೆ ಹೋಗಿದ್ದು ಒಂದು ಶನಿವಾರ, ಸುಮ್ಮನೆ ನೋಡೋಣ ಅಂತ. ನನ್ನ ಆಫೀಸಿಗೆ ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ. ಹೆಸರಿನಲ್ಲೇ ಊಟ ಇದೆ ಅಂತ ಇವನ ಜೋಕು. ಸ್ಟೇಷನ್ ಕೆಳಗೆ ಸುಮಾರು 12,500 ಸೈಕಲ್ ನಿಲ್ಲಿಸುವ ಪಾರ್ಕಿಂಗ್ ಇದೆ, ಮೂರು ಮಹಡಿ, ಒಳಗೇ ಸೈಕಲ್ ಓಡಿಸಿಕೊಂಡು ಹೋಗೋದು. ಊರಿನ ಮಧ್ಯೆ ಔಡೆಖ್ರಾಖ್ಟ್ ಅನ್ನುವ ಹಳೆಯ ಕಾಲುವೆ. ಅದರ ವಿಶೇಷ ಅಂದರೆ ರಸ್ತೆ ಮೇಲೆ, ನೀರು ಕೆಳಗೆ, ನಡುವೆ ನೀರಿನ ಮಟ್ಟದಲ್ಲಿ ಇನ್ನೊಂದು ದಂಡೆ. ಹಿಂದೆ ದೋಣಿಯಿಂದ ಸರಕು ಇಳಿಸಿ ಇಡುತ್ತಿದ್ದ ನೆಲಮಾಳಿಗೆಗಳು ಆ ದಂಡೆಗೆ ಬಾಗಿಲು ತೆರೆಯುತ್ತವೆ. ಈಗ ಅವುಗಳಲ್ಲಿ ಹೋಟೆಲು, ಕಾಫಿ ಅಂಗಡಿ.

ಅಲ್ಲಿಂದ ತಲೆ ಎತ್ತಿದರೆ ಡೋಮ್ ಗೋಪುರ, 112 ಮೀಟರ್. ಗೋಪುರ ಒಂದು ಕಡೆ, ಚರ್ಚ್ ಇನ್ನೊಂದು ಕಡೆ, ನಡುವೆ ಬಯಲು. 1674ರ ಬಿರುಗಾಳಿಗೆ ನಡುವಿನ ಭಾಗ ಕುಸಿದು ಬಿತ್ತು, ಮತ್ತೆ ಕಟ್ಟಲಿಲ್ಲ. ಆ ಬಯಲಿನಲ್ಲಿ, ಕಾಲ ಕೆಳಗೆ, ಒಂದು ಕಲ್ಲಿದೆ. ನೋಡದೆ ದಾಟಿ ಹೋಗಬಹುದು. 1730ರ ಆರಂಭದಲ್ಲಿ, ಇದೇ ಗೋಪುರದಲ್ಲಿ ಗಂಡಸರು ಸೇರುತ್ತಿದ್ದಾರೆ ಅಂತ ಅಲ್ಲಿನ ಉಸ್ತುವಾರಿ ಕೊಟ್ಟ ದೂರಿನಿಂದ ಒಂದು ವಿಚಾರಣೆ ಶುರುವಾಯಿತು. ಒಬ್ಬನ ಬಾಯಿಂದ ಇನ್ನೊಬ್ಬನ ಹೆಸರು ಬಿಡಿಸುತ್ತಾ ಹೋಗಿ ಅದು ಇಡೀ ಡಚ್ ಗಣರಾಜ್ಯಕ್ಕೆ ಹಬ್ಬಿತು. ಎಷ್ಟೋ ಗಂಡಸರನ್ನು ಕೊಂದರು. ಅವರ ನೆನಪಿಗೆ ಊರಿನವರು 1999ರಲ್ಲಿ ಈ ಕಲ್ಲು ಹಾಕಿದ್ದಾರೆ.

ಅದರ ಮುಂದೆ ನಾವು ತುಂಬ ಹೊತ್ತು ನಿಂತೆವು. 1811ರಲ್ಲಿ ಫ್ರೆಂಚರ ಕಾನೂನು ಬಂದಾಗ ಇಲ್ಲಿ ಅದು ಅಪರಾಧಗಳ ಪಟ್ಟಿಯಿಂದಲೇ ಹೋಯಿತು. ಅದಾಗಿ 49 ವರ್ಷಕ್ಕೆ, 1860ರಲ್ಲಿ, ಬ್ರಿಟಿಷರು ನಮ್ಮ ದಂಡಸಂಹಿತೆಯಲ್ಲಿ ಅದನ್ನು ಬರೆದಿಟ್ಟರು. ಅದರ ಭಯ ಹೋಗೋಕೆ ನಮಗೆ 2018 ಬಂತು. ಸ್ವಾಗತಿಸುವ ಊರು ಅಂದರೆ ಯಾವತ್ತೂ ತಪ್ಪು ಮಾಡದ ಊರು ಅಂತ ಅಂದುಕೊಂಡಿದ್ದರೆ ನಾವು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ತಾನು ಮಾಡಿದ್ದನ್ನು ಪ್ರವಾಸಿಗರು ಓಡಾಡುವ ಜಾಗದಲ್ಲೇ ಕಲ್ಲಿನಲ್ಲಿ ಬರೆದಿಟ್ಟ ಊರು ನನಗೆ ಹಿಡಿಸಿತು. ವಿಶ್ವವಿದ್ಯಾಲಯದ ಕಡೆ 2021ರಲ್ಲಿ 570 ಮೀಟರ್ ಉದ್ದದ ಕಾಮನಬಿಲ್ಲಿನ ಸೈಕಲ್ ದಾರಿಯೂ ಮಾಡಿದ್ದಾರೆ, ಫೋಟೋಗೆ ಚೆನ್ನಾಗಿದೆ. ನನಗೆ ಮುಖ್ಯ ಅನ್ನಿಸಿದ್ದು ಕಲ್ಲೇ.

ಮನೆ ಸಿಕ್ಕಿದ್ದು ಸ್ಟೇಷನ್ ಹಿಂದಿನ ಲಾಂಬೋಕ್ ಬಡಾವಣೆಯ ಹತ್ತಿರ. ಏಜೆಂಟ್ ಬಾಡಿಗೆ ಮನೆ ತೋರಿಸಿ, ನನ್ನ ಸಂಬಳದ ಚೀಟಿ ನೋಡಿ, ‘ಇಬ್ಬರೂ ಪಾರ್ಟ್‌ನರ್ಸಾ?’ ಅಂತ ಕೇಳಿದ. ಗಂಟಲು ಒಣಗಿತು. ‘ಹೌದು’ ಅಂದೆ. ‘ಹಾಗಾದರೆ ಅಗ್ರಿಮೆಂಟಿನಲ್ಲಿ ಇಬ್ಬರ ಹೆಸರೂ ಹಾಕ್ತೀನಿ, ಸ್ಪೆಲ್ಲಿಂಗ್ ಹೇಳಿ’ ಅಂದ. ನಮ್ಮಿಬ್ಬರ ಹೆಸರು ಬರೆಯೋಕೆ ಅವನು ಪಟ್ಟ ಕಷ್ಟದಲ್ಲಿ ಉಳಿದಿದ್ದೆಲ್ಲ ಮರೆತುಹೋಯಿತು. ಒಂದೇ ಬೆಡ್‌ರೂಮ್. ಹೊರಗೆ ಬಂದು ಇವನು ಹೇಳಿದ ಮೊದಲ ಮಾತು: ‘ಎರಡನೇ ರೂಮಿನ ರೊಕ್ಕ ಉಳೀತ ನೋಡು.’

ನೋಂದಣಿಗೆ ಸ್ಟೇಷನ್ ಪಕ್ಕದ ನಗರಸಭೆ ಕಚೇರಿಗೆ ಹೋದೆವು. ಕೌಂಟರಿನಲ್ಲಿದ್ದ ಹೆಂಗಸು ಪಾಸ್‌ಪೋರ್ಟ್, ಅಪೋಸ್ಟಿಲ್ ಎಲ್ಲ ನೋಡಿ, ‘ಇಬ್ಬರೂ ಒಂದೇ ವಿಳಾಸ?’ ಅಂದಳು. ‘ಹೌದು.’ ಟಪ ಟಪ ಟೈಪ್ ಮಾಡಿದಳು. ತಲೆ ಎತ್ತಿ ನೋಡಲೂ ಇಲ್ಲ. ನಮ್ಮ ಜೀವನದ ದೊಡ್ಡ ಗುಟ್ಟು ಅವಳಿಗೆ ಆ ದಿನದ ಎಷ್ಟನೆಯದೋ ಫೈಲು. ಇವನ ರೆಸಿಡೆನ್ಸ್ ಕಾರ್ಡಿನ ಹಿಂದೆ, ಯಾವ ಕೆಲಸ ಬೇಕಾದರೂ ಮಾಡಬಹುದು ಅಂತ ಡಚ್ಚಿನಲ್ಲಿ ಬರೆದಿದೆ. ನಾಲ್ಕು ತಿಂಗಳಿಗೆ ಇವನಿಗೂ ಕೆಲಸ ಸಿಕ್ಕಿತು.

ಲಾಂಬೋಕಿನ ಕನಾಲ್‌ಸ್ಟ್ರಾಟ್ ರಸ್ತೆಯ ಅಂಗಡಿಗಳು ಬಹುಪಾಲು ತುರ್ಕಿ, ಮೊರಾಕ್ಕೋ ಕಡೆಯವರದು. ಹಾಗಲಕಾಯಿಗೆ ಇಲ್ಲಿ ‘ಸೊಪ್ರೋಪೊ’, ಉದ್ದ ಅಲಸಂದೆಗೆ ‘ಕೌಸನ್‌ಬಾಂಡ್’. ಆ ಹೆಸರುಗಳು ಬಂದದ್ದು ಸುರಿನಾಮಿನವರಿಂದ. ಅವರಲ್ಲಿ ಒಂದು ಪಂಗಡದ ಹಿರಿಯರು 1873ರಿಂದ ಬಿಹಾರ, ಉತ್ತರಪ್ರದೇಶದ ಕಡೆಯಿಂದ ಕಬ್ಬಿನ ಕೂಲಿಗೆ ಹಡಗಿನಲ್ಲಿ ಹೋದವರು, ಮಕ್ಕಳು ಮೊಮ್ಮಕ್ಕಳು ಹಾಲೆಂಡಿಗೆ ಬಂದವರು. ಅವರ ಮುಂದೆ ನಮ್ಮ ವಲಸೆಯ ಕಷ್ಟ ಹೇಳೋಕೇ ನಾಚಿಕೆಯಾಗುತ್ತೆ.

ಎಲ್ಲಾ ಚೆನ್ನಾಗಿದೆ ಅಂತ ಬರೆದರೆ ನೀವೂ ನಂಬೋದಿಲ್ಲ. ಬಾಡಿಗೆ ನನ್ನ ಸಂಬಳದ ಮೂರನೇ ಒಂದು ಭಾಗ ತಿನ್ನುತ್ತೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆ ಕತ್ತಲು. ರಾತ್ರಿ ತಡವಾದರೆ ಸ್ಟೇಷನ್ ಹತ್ತಿರ ನಾವು ಕೈ ಹಿಡಿದುಕೊಂಡು ನಡೆಯೋದಿಲ್ಲ. ಒಂದೆರಡು ಸಲ ಹಿಂದಿನಿಂದ ಕೂಗಿದ್ದಾರೆ. ಭಾಷೆ ಅರ್ಥ ಆಗದಿದ್ದರೂ ಬೈಗುಳ ಅರ್ಥ ಆಗುತ್ತೆ. 2017ರಲ್ಲಿ ಆರ್ನ್‌ಹೆಮ್ ಊರಿನಲ್ಲಿ ಕೈ ಹಿಡಿದು ಹೋಗುತ್ತಿದ್ದ ಇಬ್ಬರು ಗಂಡಸರನ್ನು ಹೊಡೆದರು. ಮರುದಿನಗಳಲ್ಲಿ ಒಂದು ಪಕ್ಷದ ನಾಯಕ ತನ್ನ ಸಹೋದ್ಯೋಗಿಯ ಕೈ ಹಿಡಿದುಕೊಂಡೇ ಸರ್ಕಾರ ರಚನೆಯ ಮಾತುಕತೆಗೆ ಬಂದರು, ದೇಶದ ತುಂಬಾ ಗಂಡಸರು ಹಾಗೆ ಫೋಟೋ ಹಾಕಿದರು. ಎರಡೂ ನಡೆದದ್ದು ಒಂದೇ ದೇಶದಲ್ಲಿ. 2023ರಲ್ಲಿ ಸಂವಿಧಾನದ ಮೊದಲ ವಿಧಿಗೇ, ಲೈಂಗಿಕ ಒಲವಿನ ಮೇಲೆ ತಾರತಮ್ಯ ಮಾಡಬಾರದು ಅಂತ ಸೇರಿಸಿದರು. ಅದೇ ವರ್ಷ ನವೆಂಬರ್ ಚುನಾವಣೆಯಲ್ಲಿ, ವಲಸಿಗರು ಬೇಡ ಅನ್ನುವ ಪಕ್ಷ 150ರಲ್ಲಿ 37 ಸೀಟು ಗೆದ್ದು ಎಲ್ಲರಿಗಿಂತ ಮುಂದೆ ಬಂತು. ನಾವು ಎರಡೂ ಹೌದಲ್ಲ. ಬೆಂಗಳೂರಿನಲ್ಲಿ ಸಲಿಂಗಿ ಅಂತ ಮುಚ್ಚಿಟ್ಟುಕೊಳ್ಳುತ್ತಿದ್ದವರು, ಇಲ್ಲಿ ಕಂದು ಬಣ್ಣ ಮುಚ್ಚಿಡೋಕಾಗೋಲ್ಲ.

ಮದುವೆ ಯಾವಾಗ ಅಂತ ಡಚ್ ಸಹೋದ್ಯೋಗಿಗಳು ಕೇಳುತ್ತಾರೆ. ಇಲ್ಲಿ ಅದು ಸುಲಭ: ಎರಡು ವಾರ ಮುಂಚೆ ನಗರಸಭೆಗೆ ತಿಳಿಸಬೇಕು, ಕನಿಷ್ಠ ಇಬ್ಬರು ಸಾಕ್ಷಿ ಬೇಕು. ಆದರೆ ಇಲ್ಲಿ ಆದ ಮದುವೆಗೆ ನಮ್ಮ ದೇಶದಲ್ಲಿ ಮಾನ್ಯತೆ ಇಲ್ಲ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಮತ್ತೆ ‘ಫ್ರೆಂಡ್ಸ್’. ಮತ್ತೆ ಅವ್ವನಿಗೆ ಹೇಳದೆ ಸಾಕ್ಷಿ ಹಾಕಿಸೋಕೆ ಇವನಿಗೆ ಮನಸ್ಸಿಲ್ಲ. ಆದರೆ ಇವನ ಅಣ್ಣ, ಅವತ್ತು ರಾತ್ರಿ ಬಸ್ಸಿನಲ್ಲಿ ಬಂದವನು, ‘ನನ್ನ ಸಹಿಗೆ ಅಲ್ಲೂ ಬೆಲಿ ಐತೇನು?’ ಅಂತ ಕೇಳಿ ಇಟ್ಟಿದ್ದಾನೆ.

ನಮ್ಮಮ್ಮನಿಗೆ ಗೊತ್ತು. ಗೊತ್ತಾಗಿ ಮೂರು ವರ್ಷ, ಅದರಲ್ಲಿ ಒಂದು ವರ್ಷ ಮಾತಿರಲಿಲ್ಲ. ಈಗ ಬರುವ ಏಪ್ರಿಲಿಗೆ ಬರ್ತೀನಿ ಅಂದಿದ್ದಾರೆ, ಟ್ಯೂಲಿಪ್ ನೋಡೋಕೆ. ಹೋದ ಭಾನುವಾರ ಫೋನಿನಲ್ಲಿ ‘ನಿಮ್ಮನೇಲಿ ರೂಮು ಎಷ್ಟು?’ ಅಂದರು. ‘ಒಂದೇ ಅಮ್ಮ. ಹಾಲಿನಲ್ಲಿ ಸೋಫಾ ಬಿಚ್ಚಿದರೆ ಮಂಚ ಆಗುತ್ತೆ.’ ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ, ‘ಆ ಹುಡುಗಂಗೆ ಜೋಳದ ರೊಟ್ಟಿ ಅಲ್ವಾ ಬೇಕಾಗೋದು? ನಂಗೆ ತಟ್ಟಕ್ಕೆ ಬರಲ್ಲ ಕಣೋ’ ಅಂದರು. ಕೊಬ್ಬರಿ ಎಷ್ಟು ತರಬೇಕು, ಈಳಿಗೆ ಮಣೆ ಲಗೇಜಿನಲ್ಲಿ ಬಿಡ್ತಾರಾ ಅಂತ ವಿಚಾರಿಸೋಕೆ ಹೇಳಿದ್ದಾರೆ. ಏರ್‌ಲೈನ್‌ನವರಿಗೆ ಈಳಿಗೆ ಮಣೆ ಅಂದರೆ ಏನು ಅಂತ ಇಂಗ್ಲಿಷಿನಲ್ಲಿ ಹೇಗೆ ಬರೆಯೋದು ಅಂತ ಇವನು ಒದ್ದಾಡುತ್ತಿದ್ದಾನೆ.